ಸಾಗರತೀರದ ಒಂಬತ್ತು ಅಡುಗೆಮನೆಗಳು

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿರುವ ಬ್ರೈಟನ್ ನಗರವು ವಿಹಾರಪ್ರಿಯರ ಊರೆಂದೇ ಪ್ರಸಿದ್ಧವಾದುದು. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಸುಮಾರು ಒಂದು ಗಂಟೆಯ ರೈಲು ಪ್ರಯಾಣ. ಹಿಂದೆ ಇದು ಬೆಸ್ತರ ಊರು. 1750ರಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನು ಗ್ರಂಥಿರೋಗಗಳಿಗೆ ಸಮುದ್ರದ ನೀರೇ ಮದ್ದೆಂದು ಲ್ಯಾಟಿನ್ ಭಾಷೆಯಲ್ಲಿ ಗ್ರಂಥವೊಂದನ್ನು ಬರೆದನು. ಆ ನೀರಿನಲ್ಲಿ ಮೀಯುವುದಷ್ಟೇ ಅಲ್ಲ, ಅದನ್ನು ಕುಡಿಯುವುದೂ ಅವನ ಚಿಕಿತ್ಸೆಯಲ್ಲಿ ಸೇರಿತ್ತು! ಸಿರಿವಂತರು ಬಂದರು, ಅವರ ಹಿಂದೆ ರಾಜಕುಮಾರನೂ ಬಂದನು. 1841ರಲ್ಲಿ ರೈಲು ಬಂದ ಮೇಲೆ ಜನಸಾಮಾನ್ಯರೂ ಬರತೊಡಗಿದರು.

ಲಂಡನ್ನಿನಲ್ಲಿ ಕೆಲವು ತಿಂಗಳು ಕನ್ನಡ ಪಾಠ ಹೇಳುವ ಅವಕಾಶ ದೊರೆತಿದ್ದಾಗ, ಧಾರವಾಡ ಮೂಲದ ವೈದ್ಯ ದಂಪತಿಗಳು ತಮ್ಮ ಹನ್ನೊಂದು ವರ್ಷದ ಮಗಳೊಡನೆ ಒಂದು ಶನಿವಾರ ನನ್ನನ್ನು ಅಲ್ಲಿಗೆ ಕರೆದೊಯ್ದರು. ಕಾರವಾರದ ಮರಳನ್ನು ಕಂಡವರಿಗೆ ಈ ತೀರ ವಿಚಿತ್ರವೆನಿಸುತ್ತದೆ. ಇಲ್ಲಿ ಕಾಲಿಟ್ಟಲ್ಲೆಲ್ಲ ಉರುಟುಗಲ್ಲುಗಳು; ಅಲೆ ಹಿಂದೆ ಸರಿಯುವಾಗ ಅವು ಒಂದನ್ನೊಂದು ಉಜ್ಜಿ ಗೊರಗೊರ ಸದ್ದು ಮಾಡುತ್ತವೆ. 1866ರಲ್ಲಿ ಕಡಲೊಳಕ್ಕೆ ಕಟ್ಟಿದ ಪಶ್ಚಿಮದ ಕಟ್ಟೆಯು 2003ರಲ್ಲಿ ಬೆಂಕಿಗೆ ತುತ್ತಾಗಿ, ಅದರ ಕಬ್ಬಿಣದ ಅಸ್ಥಿಪಂಜರ ಮಾತ್ರ ನೀರಿನಲ್ಲಿ ನಿಂತಿದೆ. ಉಳಿದ ವಿನೋದಗಳ ವಿಚಾರ ಬರೆಯಲು ನಾನು ತಕ್ಕವನಲ್ಲ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಊರ ನಡುವಿನ ರಾಯಲ್ ಪೆವಿಲಿಯನ್ ಎಂಬ ಅರಮನೆ. ಮುಂದೆ ನಾಲ್ಕನೆಯ ಜಾರ್ಜ್ ಎಂದು ಪಟ್ಟವೇರಿದ ರಾಜಕುಮಾರನಿಗಾಗಿ ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿಯು 1815ರಿಂದ 1822ರವರೆಗೆ ಇದಕ್ಕೆ ಇಂದಿನ ರೂಪ ಕೊಟ್ಟನು. ಹೊರಗೆ ಈರುಳ್ಳಿಯಾಕಾರದ ಗುಮ್ಮಟಗಳು, ಮಿನಾರುಗಳು, ಜಾಲಂದರಗಳು. ಒಳಗೆಲ್ಲ ಚೀನೀ ಅಲಂಕಾರ. ಭಾರತವನ್ನು ಕಣ್ಣಾರೆ ಕಾಣದವರು ಚಿತ್ರಗಳನ್ನು ನೋಡಿ ಕಟ್ಟಿದ ಭಾರತವಿದು. ಅದೇ ಕಾಲಕ್ಕೆ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮದ್ ಎಂಬಾತನು ಇದೇ ಊರಿನಲ್ಲಿ ಸ್ನಾನಗೃಹ ತೆರೆದು, ನಮ್ಮ ದೇಶದ ಅಂಗಮರ್ದನವನ್ನು ಆಂಗ್ಲರಿಗೆ ಕಲಿಸಿ, ರಾಜನ ಸೇವೆಗೂ ನೇಮಕಗೊಂಡಿದ್ದನು. ನಾವಿಂದು ಶಾಂಪೂ ಎನ್ನುವ ಮಾತು ತಲೆ ತಿಕ್ಕುವ ‘ಚಂಪಿ’ಯಿಂದಲೇ ಹೊರಟದ್ದು.

1850ರಲ್ಲಿ ವಿಕ್ಟೋರಿಯಾ ರಾಣಿಯು ಈ ಅರಮನೆಯನ್ನು ನಗರಕ್ಕೆ ಮಾರಿಬಿಟ್ಟಳು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡು, ಫ್ರಾನ್ಸ್ ಮತ್ತು ಬೆಲ್ಜಿಯಂ ರಣರಂಗಗಳಲ್ಲಿ ಭಾರತೀಯ ಸಿಪಾಯಿಗಳು ಗಾಯಗೊಂಡು ಬೀಳತೊಡಗಿದಾಗ, ಆ ವರ್ಷದ ಡಿಸೆಂಬರಿನಲ್ಲಿ ಇಲ್ಲಿ ಅವರಿಗಾಗಿ ಆಸ್ಪತ್ರೆ ತೆರೆಯಲಾಯಿತು. ಸ್ವತಃ ಚಕ್ರವರ್ತಿಯೇ ತನ್ನ ಅರಮನೆಯನ್ನು ಸಿಪಾಯಿಗಳಿಗೆ ಬಿಟ್ಟುಕೊಟ್ಟನೆಂಬ ಭಾವನೆಯನ್ನು ಹರಡಲಾಯಿತು. ಆ ವೇಳೆಗೆ ಅರಮನೆ ರಾಜನದಾಗಿರಲಿಲ್ಲವೆಂಬುದನ್ನು ಯಾರೂ ಒತ್ತಿ ಹೇಳಲಿಲ್ಲ.

ಇಲ್ಲಿನ ವ್ಯವಸ್ಥೆಯ ವಿವರಗಳು ಅರಮನೆಯಲ್ಲಿಯೇ ಪ್ರದರ್ಶಿತವಾಗಿವೆ. ಜಾತಿ ಮತಗಳಿಗನುಗುಣವಾಗಿ ಒಂಬತ್ತು ಅಡುಗೆಮನೆಗಳು. ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ನೀರಿನ ನಲ್ಲಿಗಳು. ಸೂಚನಾಫಲಕಗಳು ಉರ್ದು, ಹಿಂದಿ, ಗುರುಮುಖಿಗಳಲ್ಲಿ. ಮುಸಲ್ಮಾನರಿಗೆ ಮೆಕ್ಕಾದ ದಿಕ್ಕಿನ ಹುಲ್ಲುಹಾಸು, ಸಿಖ್ಖರಿಗೆ ಡೇರೆಯೊಳಗಿನ ಗುರುದ್ವಾರ. ಇದನ್ನು ಓದುತ್ತಿದ್ದ ಹುಡುಗಿ ತಟ್ಟನೆ ನನ್ನತ್ತ ತಿರುಗಿದಳು.

“ಅಜ್ಜಾರ, ಒಂದ ದವಾಖಾನಿಗೆ ಒಂಬತ್ತ ಅಡಿಗಿಮನಿ ಯಾಕ ಬೇಕಿತ್ತರೀ?”

“ಒಬ್ಬರು ಮುಟ್ಟಿದ್ದನ್ನ ಇನ್ನೊಬ್ಬರು ಉಣತಿರಲಿಲ್ಲವಾ, ತಂಗಿ.”

“ಗುಂಡ ಬಡಿದು ಬಿದ್ದವರೂ ಉಣತಿರಲಿಲ್ಲೇನ್ರೀ?”

ಆಕೆಯ ತಂದೆ ನಕ್ಕರು. ನನಗೆ ನಗು ಬರಲಿಲ್ಲ. ಗಾಯಗೊಂಡು ಪರದೇಶದಲ್ಲಿ ಮಲಗಿದವನಿಗೆ ತನ್ನ ಊರಿನ ರೊಟ್ಟಿ, ತನ್ನ ಮನೆಯ ರೀತಿಯ ಅಡುಗೆ ಬೇಕೆನಿಸಿದರೆ ಅದು ಅಪರಾಧವಲ್ಲ. ಅಂದು ಬೆಳಗಿನ ಜಾವ ವಸತಿಗೃಹದ ಇಕ್ಕಟ್ಟಾದ ಕೋಣೆಯಲ್ಲಿ ಇಷ್ಟಲಿಂಗಪೂಜೆ ಮುಗಿಸಿ, ಬ್ರೆಡ್ಡು ಹಣ್ಣುಗಳಿಂದಲೇ ತೃಪ್ತನಾದ ನಾನು ಅದನ್ನು ಹಳಿಯಲಾರೆ. ಆಂಗ್ಲರ ಈ ಏರ್ಪಾಡಿನಲ್ಲಿ ಗೌರವವೂ ಇತ್ತು, 1857ರ ತೋಟಾಗಳ ನೆನಪಿನ ಅಂಜಿಕೆಯೂ ಇತ್ತು. ಆದರೆ ಹುಡುಗಿ ಕೇಳಿದ್ದು ಆಂಗ್ಲರ ವಿಚಾರವನ್ನಲ್ಲ, ನಮ್ಮ ವಿಚಾರವನ್ನು.

ಇದಕ್ಕೆ ಸೇರಿದ ಇನ್ನೊಂದು ವೃತ್ತಾಂತವನ್ನು ಆಕೆಗೆ ಹೇಳಿದೆನು. ಹ್ಯಾಂಪ್‌ಶೈರಿನ ಬ್ರಾಕೆನ್‌ಹರ್ಸ್ಟ್ ಎಂಬ ಹಳ್ಳಿಯಲ್ಲಿಯೂ ಭಾರತೀಯ ಸಿಪಾಯಿಗಳಿಗಾಗಿ ಆಸ್ಪತ್ರೆಯಿತ್ತು. ಬರೇಲಿಯಿಂದ ಬಂದ ಸುಖಾ ಎಂಬವನು ಅಲ್ಲಿ ಕಸ ಗುಡಿಸುವ ಕೆಲಸಗಾರ. 1915ರ ಜನವರಿ 12ರಂದು, ಮೂವತ್ತರ ವಯಸ್ಸಿನಲ್ಲಿ ತೀರಿಕೊಂಡನು. ಅಸ್ಪೃಶ್ಯನೆಂಬ ಕಾರಣಕ್ಕೆ ಹಿಂದೂಗಳು ಅವನಿಗೆ ತಮ್ಮ ಚಿತೆಯನ್ನು ಕೊಡಲಿಲ್ಲವೆಂದೂ, ಮುಸಲ್ಮಾನನಲ್ಲವಾದ್ದರಿಂದ ವೋಕಿಂಗ್‌ನ ಮುಸಲ್ಮಾನರ ರುದ್ರಭೂಮಿಯಲ್ಲಿಯೂ ಎಡೆ ದೊರೆಯಲಿಲ್ಲವೆಂದೂ, ಕೊನೆಗೆ ಹಳ್ಳಿಯ ಪಾದ್ರಿಯು ತನ್ನ ಇಗರ್ಜಿಯ ಅಂಗಳದಲ್ಲಿ ಅವನನ್ನು ಮಣ್ಣು ಮಾಡಿಸಿದನೆಂದೂ ವೃತ್ತಾಂತವಿದೆ. ಅಲ್ಲಿನ ಗ್ರಾಮಸ್ಥರು ತಾವೇ ಹಣ ಕೂಡಿಸಿ ನಿಲ್ಲಿಸಿದ ಕಲ್ಲಿನ ಮೇಲೆ ಅವನ ಹೆಸರು, ಊರು, ಮಾಡಿದ ಸೇವೆ ಎಲ್ಲವೂ ಕೆತ್ತಲ್ಪಟ್ಟಿವೆ.

ಇದನ್ನು ಅನ್ಯರ ಕಥೆಯೆಂದು ಓದಿ ಮುಗಿಸುವಂತಿಲ್ಲ. ಪಂಕ್ತಿಭೇದವೆಂಬ ಮಾತು ನಮ್ಮ ಮನೆಗಳಿಗೂ ಅಪರಿಚಿತವೇನಲ್ಲ. ಮಠದ ಪ್ರಸಾದನಿಲಯದಲ್ಲಿ ನೂರಾರು ಹುಡುಗರ ಸಾಲಿನಲ್ಲಿ ಕುಳಿತು ಉಂಡು ಬೆಳೆದವನು ನಾನು. ಬಡಿಸುವವನು ಎಲೆಯನ್ನು ನೋಡುತ್ತಿದ್ದನೇ ಹೊರತು ಕುಲವನ್ನು ಕೇಳುತ್ತಿರಲಿಲ್ಲ. ಆದರೆ ಅದೇ ವಯಸ್ಸಿನಲ್ಲಿ, ಲಿಂಗವಂತರ ಮದುವೆಯ ಮನೆಯೊಂದರಲ್ಲಿ, ಕೊರಳಲ್ಲಿ ಲಿಂಗವಿದ್ದವರನ್ನೇ ಒಳಪಂಗಡ ಕೇಳಿ ಬೇರೆ ಸಾಲಿಗೆ ಎಬ್ಬಿಸಿದ್ದನ್ನೂ ಕಂಡಿದ್ದೇನೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಲಗ್ನಕ್ಕಾಗಿ ಕಲ್ಯಾಣವೇ ಹೊತ್ತಿ ಉರಿಯಿತೆಂದು ಪುರಾಣ ಹೇಳುವ ನಾವು, ಇಂದಿಗೂ ವಧೂವರರ ಜಾಹೀರಾತಿನಲ್ಲಿ ಪಂಗಡದ ಹೆಸರನ್ನು ಬಿಡುವುದಿಲ್ಲ. ನಮ್ಮಲ್ಲಿ ಅಡುಗೆಮನೆಗಳು ಎಷ್ಟೆಂದು ಆ ಹುಡುಗಿ ಕೇಳಿದ್ದರೆ ಹೇಳುವುದು ಕಷ್ಟವಿತ್ತು.

ಭಾನುವಾರ ಊರ ಹೊರಗಿನ ಛತ್ರಿಗೆ ಹೋದೆವು. ಆಸ್ಪತ್ರೆಗಳಲ್ಲಿ ಮಡಿದ ಹಿಂದೂ ಹಾಗೂ ಸಿಖ್ ಸಿಪಾಯಿಗಳನ್ನು ಪ್ಯಾಚಮ್ ಹಳ್ಳಿಯ ಮೇಲಣ ಗುಡ್ಡದಲ್ಲಿ ದಹಿಸಿ, ಭಸ್ಮವನ್ನು ಕಡಲಿಗೆ ಬಿಡಲಾಯಿತು. ಹೀಗೆ ದಹನಗೊಂಡವರು 53 ಜನ. ಚಿತೆಗಳಿದ್ದ ಸ್ಥಳದಲ್ಲಿ ಎಂಟು ಕಂಬಗಳ ಬಿಳಿಯ ಅಮೃತಶಿಲೆಯ ಮಂಟಪ. ಹೆನ್ರಿಕ್ಸ್ ಎಂಬ ಭಾರತೀಯ ಶಿಲ್ಪಿಯ ಕಲ್ಪನೆ. 1921ರ ಫೆಬ್ರುವರಿ 1ರಂದು ವೇಲ್ಸಿನ ರಾಜಕುಮಾರನು ಇದನ್ನು ಅನಾವರಣ ಮಾಡಿದನು. ವಾಹನ ಅಲ್ಲಿಯವರೆಗೆ ಹೋಗದು. ಕುರಿ ಮೇಯುವ ಹುಲ್ಲುಗಾವಲಿನಲ್ಲಿ ನಡೆದೇ ಸಾಗಬೇಕು. ಗಾಳಿಯೋ ಮೈಮೇಲಿನ ಉತ್ತರೀಯವನ್ನು ನಿಲ್ಲಗೊಡದಷ್ಟು ಜೋರು. ಮೇಲೆ ನಿಂತರೆ ಊರೂ ಅದರಾಚೆಯ ಕಡಲೂ ಕಾಣಿಸುತ್ತವೆ.

ಸತ್ತವರ ಹೆಸರುಗಳು ಬಹುಕಾಲ ಅಲ್ಲಿರಲಿಲ್ಲ. 2010ರಲ್ಲಿ ಸಮೀಪದಲ್ಲಿಯೇ ಶಿಲಾಫಲಕವೊಂದನ್ನು ನಿಲ್ಲಿಸಿ 53 ಹೆಸರುಗಳನ್ನೂ ಕೆತ್ತಿಸಿದರು. ಪಂಜಾಬಿನವರು, ಗಢವಾಲದವರು, ಗೂರ್ಖರು. ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳ ಹೋದದ್ದು ಫ್ರಾನ್ಸಿಗಲ್ಲ, ಈಜಿಪ್ಟ್ ಪ್ಯಾಲೆಸ್ಟೈನುಗಳ ಕಡೆಗೆ. 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗದಲ್ಲಿ ಅದು ಹೋರಾಡಿತು. ಅದರ ಸ್ಮಾರಕವು ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಅದನ್ನು ನಿಂತು ನೋಡುವವರು ವಿರಳ. ಬ್ರೈಟನ್ನಿನವರು ಮಾತ್ರ ಪ್ರತಿವರ್ಷ ಜೂನ್ ತಿಂಗಳಲ್ಲಿ ಛತ್ರಿಯ ಬಳಿ ಸೇರಿ, ತಮ್ಮವರಲ್ಲದವರಿಗೆ ಪುಷ್ಪಚಕ್ರ ಅರ್ಪಿಸುತ್ತಾರೆ.

ಹುಡುಗಿ ಫಲಕದ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ಕೊನೆಯ ಹೆಸರು ಮುಗಿದ ಮೇಲೆ, “ಸುಖಾನ ಹೆಸರ ಇಲ್ಲಿಲ್ಲಲ್ರೀ ಅಜ್ಜಾರ” ಎಂದಳು. ಅವನಿರುವುದು ಬೇರೆ ಊರಿನಲ್ಲಿ, ಅಲ್ಲಿಗೆ ವಾಟರ್ಲೂ ನಿಲ್ದಾಣದಿಂದ ಬೇರೆಯೇ ರೈಲು ಹಿಡಿಯಬೇಕು ಎಂದೆನು. ಮುಂದಿನ ಶನಿವಾರ ತಂದೆಗೆ ರಜೆ ಇದೆಯೋ ಇಲ್ಲವೋ ಎಂದು ಆಕೆ ಅಲ್ಲಿಯೇ ವಿಚಾರಿಸತೊಡಗಿದಳು.