ಮರಳು ಕಾಡಿನಲ್ಲಿ ಮೊಮ್ಮಗನ ಜೊತೆ

ನಾನು ಬ್ಯಾಂಕಿನಲ್ಲಿದ್ದ ಕಾಲದಲ್ಲಿ ನಮ್ಮ ಕೌಂಟರಿನ ಹಿಂದಿನ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ಜರ್ಮನಿಯ ಚಿತ್ರ: ಹಿಮ ಹೊದ್ದ ಬೆಟ್ಟ, ಅದರ ನೆತ್ತಿಯಲ್ಲೊಂದು ಕೋಟೆ. ಜರ್ಮನಿ ಎಂದರೆ ಅಷ್ಟೇ ಎಂದುಕೊಂಡಿದ್ದೆ. ಹಾಗಾಗಿ ಹೋದ ಜುಲೈನಲ್ಲಿ ಬರ್ಲಿನ್‌ನ ಮಗಳ ಮನೆಯಲ್ಲಿದ್ದಾಗ ಅವಳು, "ಅಪ್ಪ, ಶನಿವಾರ ನನಗೆ ಡ್ಯೂಟಿ ಇದೆ. ಇವನ ಜೊತೆ ಕಾಡಿನಲ್ಲಿ ಒಂದು ಸುತ್ತು ನಡೆದು ಬನ್ನಿ" ಎಂದಾಗ ನನಗೆ ನೆನಪಾದದ್ದು ನನ್ನ ಮಂಡಿ.

"ಬೆಟ್ಟ ಹತ್ತಬೇಕೇನಮ್ಮ?"

ಅವಳು ನಕ್ಕಳು. "ಹುಡುಕಿದರೂ ಬೆಟ್ಟ ಸಿಗಲ್ಲಪ್ಪ. ಹಪ್ಪಳದ ಹಾಗೆ ಸಪಾಟು."

ಮೊಮ್ಮಗನಿಗೆ ಹನ್ನೆರಡು ವರ್ಷ. ಹುಟ್ಟಿದ್ದು, ಬೆಳೆದದ್ದು ಅಲ್ಲೇ. ನಾನು ಆಡುವ ಕನ್ನಡ ಅವನಿಗೆ ಪೂರ್ತಿ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ, ಅವಸರವಾದರೆ ಜರ್ಮನ್‌ನಲ್ಲಿ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಖಾತೆಗೆ ಜಮಾ ಆಗುತ್ತಲೇ ಇದೆ, ಡ್ರಾ ಮಾಡುವವರಿಲ್ಲ.

ಸಾಮ್ರಾಜ್ಯದ ಮರಳು ಡಬ್ಬಿ

ಬರ್ಲಿನ್ ನಗರದ ಸುತ್ತ ಬಳೆಯ ಹಾಗೆ ಇರುವ ರಾಜ್ಯದ ಹೆಸರು ಬ್ರಾಂಡೆನ್‌ಬುರ್ಗ್. ಹಿಂದಿನವರು ಅದನ್ನು ಸಾಮ್ರಾಜ್ಯದ 'ಮರಳು ಡಬ್ಬಿ' ಎಂದು ಗೇಲಿ ಮಾಡುತ್ತಿದ್ದರಂತೆ. ಮಕ್ಕಳೇ, ಬ್ಲಾಟಿಂಗ್ ಕಾಗದ ಬರುವ ಮೊದಲು ಯುರೋಪಿನ ಗುಮಾಸ್ತರು ಬರೆದ ಶಾಯಿ ಒಣಗಲೆಂದು ಅದರ ಮೇಲೆ ನುಣ್ಣನೆಯ ಮರಳು ಉದುರಿಸುತ್ತಿದ್ದರು. ಉಪ್ಪಿನ ಡಬ್ಬಿಯಂತೆ ಮುಚ್ಚಳದಲ್ಲಿ ತೂತಿರುವ ಡಬ್ಬಿ ಅದು. ಇಡೀ ನಾಡೇ ಅಂಥ ಡಬ್ಬಿ ಎಂಬುದು ಲೇವಡಿ. ಗುಮಾಸ್ತನಾಗಿದ್ದ ನನಗೆ ಈ ಹೆಸರು ತುಂಬ ಹಿಡಿಸಿತು.

ಸಮುದ್ರವೇ ಇಲ್ಲದ ಈ ನಾಡಿಗೆ ಮರಳು ಬಂದದ್ದು ಹೇಗೆ? ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಕೊನೆಯ ಹಿಮಯುಗದಲ್ಲಿ, ಉತ್ತರದ ಸ್ವೀಡನ್, ನಾರ್ವೆ ಕಡೆಯಿಂದ ನೂರಾರು ಮೀಟರ್ ದಪ್ಪದ ಮಂಜುಗಡ್ಡೆ ಇಲ್ಲಿಯವರೆಗೂ ಹರಡಿತ್ತು. ಬರುವಾಗ ಅದು ಬಂಡೆಗಳನ್ನು ಬೀಸುಕಲ್ಲಿನಂತೆ ಅರೆದು ತಂದಿತು. ಕರಗುವಾಗ ಆ ಪುಡಿಯನ್ನೆಲ್ಲ ನೀರು ತೊಳೆದು ಹರಡಿತು. ಹಿಮ ಹಿಂದೆ ಸರಿಯಿತು, ಮರಳು ಉಳಿಯಿತು. ಹಿಮ ತಂದ ಗುಂಡುಕಲ್ಲುಗಳು ಇಂದಿಗೂ ಹೊಲಗಳ ಅಂಚಿನಲ್ಲಿ ಕಾಣುತ್ತವೆ.

ಇಂಥ ನೆಲದಲ್ಲಿ ಗೋಧಿ ಚೆನ್ನಾಗಿ ಬರುವುದಿಲ್ಲ. ರೈ ಧಾನ್ಯ, ಆಲೂಗಡ್ಡೆ ಬರುತ್ತವೆ. ಜನ ಆಲೂಗಡ್ಡೆ ಬೆಳೆಯಲೇಬೇಕೆಂದು ಪ್ರಶ್ಯದ ದೊರೆ ಎರಡನೇ ಫ್ರೆಡರಿಕ್ 1756ರಲ್ಲಿ ಆಜ್ಞೆ ಹೊರಡಿಸಿದ್ದ. ಪಾಟ್ಸ್‌ಡಾಮ್‌ನಲ್ಲಿರುವ ಅವನ ಸಮಾಧಿಯ ಮೇಲೆ ಜನ ಈಗಲೂ ಹೂವಿನ ಜೊತೆ ಆಲೂಗಡ್ಡೆ ಇಟ್ಟು ಬರುತ್ತಾರೆ!

ಉಳಿದ ಜಾಗದಲ್ಲೆಲ್ಲ ಪೈನ್ ಮರ. ಅಲ್ಲಿನ ಕಾಡಿನ ಸುಮಾರು ಎಪ್ಪತ್ತು ಭಾಗ ಪೈನೇ.

ಫಲಕ ಓದಿದ ಹುಡುಗ

ಬರ್ಲಿನ್‌ನಿಂದ ರೈಲಿನಲ್ಲಿ ಒಂದು ಗಂಟೆಗೂ ಕಡಿಮೆ ದಾರಿ. ಹಾಲ್ಬೆ ಎಂಬ ಸಣ್ಣ ಊರಿನಲ್ಲಿ ಇಳಿದೆವು. ಅಲ್ಲಿಂದ ಕಾಡಿನೊಳಗೆ ನಡೆದು ದಾಮೆ ನದಿಯ ದಂಡೆಯ ಮೆರ್ಕಿಶ್ ಬುಖ್‌ಹೋಲ್ಟ್ಸ್ ಎಂಬ ಊರು ಸೇರುವುದು, ಅಲ್ಲಿ ಬಸ್ಸು ಹಿಡಿಯುವುದು ಎಂದು ಮೊಮ್ಮಗ ನಕಾಶೆಯಲ್ಲಿ ಗುರುತು ಮಾಡಿದ್ದ.

ಊರು ದಾಟುವ ಮೊದಲೇ ಮರಗಳ ನಡುವೆ ಒಂದು ಸ್ಮಶಾನ ಬಂತು. 1945ರ ಏಪ್ರಿಲ್ ಕೊನೆಯಲ್ಲಿ, ಎರಡನೇ ಮಹಾಯುದ್ಧ ಮುಗಿಯಲು ಇನ್ನು ಕೆಲವೇ ದಿನಗಳಿದ್ದಾಗ, ಸೋವಿಯತ್ ಪಡೆಗಳು ಇಲ್ಲಿ ಜರ್ಮನ್ ಸೈನ್ಯವೊಂದನ್ನು ಸುತ್ತುಗಟ್ಟಿದ್ದವು. ಹೊರಗೆ ನುಗ್ಗುವ ಪ್ರಯತ್ನದಲ್ಲಿ ಸೈನಿಕರೂ, ಅವರೊಂದಿಗೆ ಓಡಿ ಬಂದಿದ್ದ ಊರ ಜನರೂ ಸಾವಿರ ಸಾವಿರವಾಗಿ ಸತ್ತರು. ಹೆಣಗಳನ್ನು ಸಿಕ್ಕಸಿಕ್ಕಲ್ಲಿ ಮರಳಿನಲ್ಲಿ ಹೂತಿದ್ದರು. ಕೆಲವು ವರ್ಷಗಳ ನಂತರ ಅರ್ನ್‌ಸ್ಟ್ ಟೈಖ್‌ಮನ್ ಎಂಬ ಪಾದ್ರಿ ಮುತುವರ್ಜಿ ವಹಿಸಿ ಅವರನ್ನೆಲ್ಲ ಒಂದೆಡೆ ಸೇರಿಸುವ ಕೆಲಸಕ್ಕೆ ಕೈಹಾಕಿದರು. ಈಗ ಅಲ್ಲಿ ಮಲಗಿರುವವರು 20,000ಕ್ಕೂ ಹೆಚ್ಚು. ಎಷ್ಟೋ ಕಲ್ಲುಗಳ ಮೇಲೆ ಹೆಸರಿಲ್ಲ, 'ಅಪರಿಚಿತ' ಎಂದಷ್ಟೇ ಇದೆ. ಹೆಸರಿದ್ದ ಒಂದು ಕಲ್ಲಿನ ಮುಂದೆ ಮೊಮ್ಮಗ ನಿಂತು ಇಸವಿಗಳನ್ನು ಕಳೆದು ನೋಡಿದ. "ಸೆವೆಂಟೀನ್" ಎಂದ. ಮತ್ತೆ ಕಾಡಿನವರೆಗೆ ಇಬ್ಬರೂ ಮಾತಾಡಲಿಲ್ಲ.

ಕಾಡಿನ ದಾರಿ ಮೊದಲರ್ಧ ಸೊಗಸು. ಬಿಸಿಲಿಗೆ ಪೈನ್ ಮರದ ಅಂಟಿನ ವಾಸನೆ. ಕೆಲವು ಹಳೆಯ ಮರಗಳ ಮೈಮೇಲೆ ಮೀನಿನ ಮುಳ್ಳಿನಂಥ ಗಾಯದ ಗುರುತು. ಪೂರ್ವ ಜರ್ಮನಿ ಬೇರೆ ದೇಶವಾಗಿದ್ದಾಗ ಅಂಟು ಇಳಿಸಲು ಮಾಡಿದ ಕಚ್ಚುಗಳು ಅವು. ನೆಲದ ಮೇಲೆ ಮೊಣಕಾಲೆತ್ತರದ ಬ್ಲೂಬೆರಿ ಗಿಡಗಳು ಇದ್ದವು. ಮೊಮ್ಮಗನ ನಾಲಿಗೆ ನೀಲಿಯಾಯಿತು. ದಾರಿಯಂಚಿನ ಮರಳಿನಲ್ಲಿ ಆಲಿಕೆಯಂಥ ಸಣ್ಣ ಗುಂಡಿಗಳು ಕಂಡವು. ಗುಂಡಿ ತೋಡಿ, ತಳದಲ್ಲಿ ಅಡಗಿ, ಜಾರಿ ಬಿದ್ದ ಇರುವೆ ಹಿಡಿಯುವ ಹುಳು! ಹಿರಿಯೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಕಡ್ಡಿ ಹಾಕಿ ಇದನ್ನೇ ಎಬ್ಬಿಸಿ ಆಡಿದವನು ನಾನು. ಅರವತ್ತು ವರ್ಷಗಳ ನಂತರ ಮತ್ತೆ ಕೂತು ಕಡ್ಡಿ ಹಾಕಿದೆ. ಹುಳು ಮರಳು ಎರಚಿತು. ಮೊಮ್ಮಗ ಬಿದ್ದು ಬಿದ್ದು ನಕ್ಕ.

ಕಷ್ಟ ಶುರುವಾದದ್ದು ಆಮೇಲೆ. ಬೇಸಿಗೆಯ ಒಣಮರಳಿನಲ್ಲಿ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. ಬೆಟ್ಟವೇನೋ ಇರಲಿಲ್ಲ, ಮಂಡಿಗೆ ಆ ವಿಷಯ ತಿಳಿಯಲಿಲ್ಲ. ನೆಟ್ಟು ಬೆಳೆಸಿದ ಕಾಡಾದ್ದರಿಂದ ಮರಗಳೆಲ್ಲ ಸಾಲು ಸಾಲು, ದಾರಿಗಳೆಲ್ಲ ನೆಟ್ಟಗೆ, ಒಂದರಂತೆ ಇನ್ನೊಂದು. ಬೆಟ್ಟವಿಲ್ಲದ ಕಡೆ ದಿಕ್ಕು ಹೇಳುವುದಕ್ಕೆ ಏನೂ ಇರುವುದಿಲ್ಲ. ಮರಗಳ ಮೇಲೆ ಬಿಳಿ ಚೌಕದಲ್ಲಿ ಬಳಿದ ಬಣ್ಣದ ಪಟ್ಟಿಯೇ ದಾರಿಯ ಗುರುತು. ಹುಳುವಿನ ಆಟದಲ್ಲಿ ಅದನ್ನು ಎಲ್ಲೋ ಕಳೆದುಕೊಂಡೆವು. ಫೋನಿಗೆ ಸಿಗ್ನಲ್ ಇಲ್ಲ. ಬಾಟಲಿಯಲ್ಲಿ ನೀರು ಕಾಲು ಭಾಗ.

ಎಡಗಡೆ ಮರಗಳ ಆಚೆ ಬೆಳಕು ಕಂಡಿತು. ರಸ್ತೆಯೇ ಇರಬೇಕು ಎನಿಸಿತು. "ಅಡ್ಡ ಹಾಯೋಣ ಬಾ" ಎಂದು ದಾರಿ ಬಿಟ್ಟು ನಾಲ್ಕು ಹೆಜ್ಜೆ ಇಟ್ಟೆ.

"ತಾತ, ಬೇಡ! ನಿಲ್ಲಿ!"

ಅವನು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಕಾಡಿನ ಅಂಚಿನಲ್ಲಿ ಒಂದು ಹಳದಿ ಫಲಕವಿತ್ತಂತೆ. ನನ್ನ ಕಣ್ಣಿಗೆ ಅದು ಬರೀ ಜರ್ಮನ್ ಅಕ್ಷರ. ಅವನು ಓದಿಕೊಂಡಿದ್ದ: ಯುದ್ಧಕಾಲದ ಸಿಡಿಯದ ಮದ್ದುಗುಂಡು ನೆಲದಲ್ಲಿದೆ, ದಾರಿ ಬಿಟ್ಟು ಹೋಗಬೇಡಿ. ಕಾಡಿಗೆ ಬೆಂಕಿ ಬಿದ್ದರೆ ಇಂಥ ಕಡೆ ಅಗ್ನಿಶಾಮಕದವರೇ ಒಳಗೆ ಕಾಲಿಡಲು ಹಿಂಜರಿಯುತ್ತಾರೆ. ಮರಳಿನಲ್ಲಿ ಮಳೆನೀರು ನಿಲ್ಲದೆ ಇಂಗಿಹೋಗುವುದರಿಂದ ಅಲ್ಲಿ ಬೆಂಕಿಯ ಭಯವೂ ಹೆಚ್ಚು. ಅಪಾಯ ಎಷ್ಟೆಂದು ಬೇಸಿಗೆಯಲ್ಲಿ ಒಂದರಿಂದ ಐದರವರೆಗೆ ಅಂಕಿ ಹಾಕಿ ತಿಳಿಸುತ್ತಾರೆ. ಎತ್ತರದ ಕಂಬಗಳ ಮೇಲಿನ ಕ್ಯಾಮೆರಾಗಳು ಹೊಗೆಗಾಗಿ ಕಾದಿರುತ್ತವೆ.

ನಾನಿಟ್ಟ ನಾಲ್ಕು ಹೆಜ್ಜೆಯ ಗುರುತಿನ ಮೇಲೇ ಕಾಲಿಟ್ಟು ಹಿಂದಕ್ಕೆ ಬಂದೆ. ನನ್ನ ಕೈ ನಡುಗುತ್ತಿತ್ತು. ಹಿರಿಯನೆಂಬ ಠೀವಿಯಲ್ಲಿ ಮುಂದೆ ಹೋಗಿದ್ದೆ. ಇನ್ನು ಹಿಂದೆ ನಡೆಯುವುದೇ ಸರಿ ಎನಿಸಿತು. ಮೊಮ್ಮಗ ನಮ್ಮ ಹೆಜ್ಜೆಗುರುತನ್ನೇ ಹಿಡಿದು ಹುಳುವಿನ ಗುಂಡಿಯವರೆಗೆ ವಾಪಸ್ ಕರೆದೊಯ್ದು ಬಣ್ಣದ ಪಟ್ಟಿ ಹುಡುಕಿದ. ಮರಳಿನ ಒಂದು ಉಪಕಾರ ಅದು: ಬಂದ ದಾರಿಯನ್ನು ಬರೆದಿಟ್ಟಿರುತ್ತದೆ.

ಬುಖ್‌ಹೋಲ್ಟ್ಸ್ ಮುಟ್ಟುವಾಗ ಬಸ್ಸು ಹೋಗಿತ್ತು. ದಾಮೆ ನದಿಯಲ್ಲಿ ಕಾಲು ಇಳಿಬಿಟ್ಟು ಮುಂದಿನ ಬಸ್ಸಿಗೆ ಕಾದೆವು. "ಅಮ್ಮನಿಗೆ ಇದೆಲ್ಲ ಹೇಳಬೇಡಪ್ಪ" ಎಂದೆ. ಅವನು ತಲೆಯಾಡಿಸಿದ.

ಹೆಸರು ಕಳೆದುಕೊಂಡ ಊರು

ನದಿ ದಂಡೆಯಲ್ಲಿ ಕೂತು ಮೊಮ್ಮಗ ಊರಿನ ಚರಿತ್ರೆ ಫೋನಿನಲ್ಲಿ ಓದಿದ. ಆ ಊರಿನ ಹೆಸರು 1937ರವರೆಗೆ ವೆಂಡಿಶ್ ಬುಖ್‌ಹೋಲ್ಟ್ಸ್, ಅಂದರೆ ವೆಂಡರ ಬುಖ್‌ಹೋಲ್ಟ್ಸ್. ವೆಂಡರು ಅಥವಾ ಸೋರ್ಬರು ಜರ್ಮನರಿಗಿಂತ ಮೊದಲೇ ಇಲ್ಲಿ ನೆಲೆಸಿದ್ದ ಸ್ಲಾವ್ ಜನ. ಅವರ ನುಡಿ ಪೋಲಿಷ್, ಚೆಕ್ ನುಡಿಗಳ ನೆಂಟ. ಹಿಟ್ಲರನ ಸರಕಾರಕ್ಕೆ ಆ ಹೆಸರು ಬೇಡವಾಯಿತು. ಊರಿನಿಂದ ಹೆಸರು ತೆಗೆದರು, ಅದೇ ವರ್ಷ ಸೋರ್ಬರ ಮುಖ್ಯ ಸಂಘವನ್ನೂ ನಿಷೇಧಿಸಿದರು.

ಮರುದಿನ ಭಾನುವಾರ ನನ್ನ ಮಂಡಿಗೆ ಕರುಣೆ ತೋರಿ ದೋಣಿಯ ಕಡೆಗೆ ಹೋದೆವು. ಇನ್ನಷ್ಟು ದಕ್ಷಿಣಕ್ಕೆ ಲ್ಯೂಬೆನಾವ್ ಎಂಬ ಊರು. ಅಲ್ಲಿ ಶ್ಪ್ರೇ ನದಿ ಇಳಿಜಾರೇ ಸಿಗದೆ, ಯಾವ ಕಡೆ ಹೋಗಲಿ ಎಂದು ತಿಳಿಯದವರಂತೆ ನೂರಾರು ಕಾಲುವೆಗಳಾಗಿ ಒಡೆದುಕೊಳ್ಳುತ್ತದೆ. ಪೈನ್ ಹೋಗಿ ಆಲ್ಡರ್ ಮರಗಳ ತಂಪು ನೆರಳು ಬರುತ್ತದೆ. ಈ ಪ್ರದೇಶವೇ ಶ್ಪ್ರೇವಾಲ್ಡ್. 1991ರಿಂದ ಯುನೆಸ್ಕೋ ಪಟ್ಟಿಯ ಜೀವಗೋಳ ಮೀಸಲು ಪ್ರದೇಶ. ಸೋರ್ಬರು ಇದನ್ನು ಕರೆಯುವುದು 'ಬ್ವೊತಾ', ಜೌಗು ಎಂದು. ಹಳೆಯ ಮನೆಗಳ ಮಾಡಿನ ತುದಿಯಲ್ಲಿ ಕಿರೀಟವಿಟ್ಟ ಎರಡು ಮರದ ಹಾವುಗಳು ಹೆಡೆ ಅಡ್ಡಹಾಯಿಸಿ ನಿಂತಿವೆ. ಮನೆ ಕಾಯುವ ಹಾವುಗಳಂತೆ. ಪಕ್ಕದ ಲೇಡೆ ಹಳ್ಳಿಯಲ್ಲಿ ಬೇಸಿಗೆಯಲ್ಲಿ ಟಪಾಲು ಬರುವುದು ಇಂದಿಗೂ ದೋಣಿಯಲ್ಲಿ. ದಂಡೆಯಲ್ಲಿ ಸಬ್ಬಸಿಗೆ ಹಾಕಿದ ಸೌತೆಕಾಯಿ ಉಪ್ಪಿನಕಾಯಿ ಮಾರುತ್ತಾರೆ. ಖಾರವಿಲ್ಲ, ಆದರೂ ಎರಡು ತಿಂದೆ.

ಉದ್ದನೆಯ ಗಳುವಿನಿಂದ ದೋಣಿ ತಳ್ಳುತ್ತಿದ್ದವರಿಗೆ ನನ್ನದೇ ವಯಸ್ಸು. ನನ್ನ ಪ್ರಶ್ನೆಗಳನ್ನು ಮೊಮ್ಮಗ ಜರ್ಮನ್ ಮಾಡುತ್ತಿದ್ದ, ಅವರ ಉತ್ತರವನ್ನು ನನಗೆ ತಡವರಿಸುತ್ತ ಕನ್ನಡ ಮಾಡುತ್ತಿದ್ದ. ಬೇರೆ ದಾರಿ ಇರಲಿಲ್ಲ, ಅವನ ಇಂಗ್ಲಿಷಿನ ವೇಗ ನನ್ನ ಕಿವಿಗೆ ಹತ್ತುವುದಿಲ್ಲ. ನಿಮಗೆ ವೆಂಡಿಶ್ ಬರುತ್ತದೆಯೇ ಎಂದು ಕೇಳಿಸಿದೆ. ಅವರು ಗಳು ಎತ್ತಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು ಏನೋ ಹೇಳಿದರು. ಮೊಮ್ಮಗ ತಕ್ಷಣ ಹೇಳಲಿಲ್ಲ. ನಾನು ಮತ್ತೆ ಕೇಳಿದ ಮೇಲೆ, ಪದ ಹುಡುಕಿ ಹುಡುಕಿ ಹೇಳಿದ: "ಅವರ ಅಜ್ಜಿ ಮಾತಾಡ್ತಿದ್ರು. ಇವರಿಗೆ ಎಲ್ಲಾ ಅರ್ಥ ಆಗ್ತಿತ್ತು. ಇವರು ಜರ್ಮನ್‌ನಲ್ಲೇ ಆನ್ಸರ್ ಮಾಡ್ತಿದ್ರು. ಅಜ್ಜಿ ಹೋದ್ರು. ಈಗ ಮಾತಾಡೋಕೆ ಯಾರೂ ಇಲ್ಲ."

ನಾನು ಅವನ ಮುಖ ನೋಡಲಿಲ್ಲ, ನೀರು ನೋಡಿದೆ.

ಶ್ಪ್ರೇವಾಲ್ಡ್ ಸುತ್ತಿನ ಈ ನುಡಿಯನ್ನು ಚೆನ್ನಾಗಿ ಆಡಬಲ್ಲವರಲ್ಲಿ ಹೆಚ್ಚಿನವರು ನನ್ನಂಥ ಮುದುಕರು. ಕಂದುಕಲ್ಲಿದ್ದಲು ಗಣಿಗಳಿಗಾಗಿ ಆ ಸೀಮೆಯಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಕೆಡವಿದ್ದರಿಂದ ಮಾತಾಡುವವರು ಇನ್ನೂ ಚದುರಿಹೋದರು. ಆದರೂ ಕೈಚೆಲ್ಲಿಲ್ಲ. 1998ರಲ್ಲಿ ಕಾಟ್‌ಬುಸ್ ನಗರದ ಜೀಲೋ ಎಂಬಲ್ಲಿ ಒಂದು ಶಿಶುವಿಹಾರ ಶುರುವಾಯಿತು. ಅಲ್ಲಿ ಮಕ್ಕಳೊಡನೆ ಟೀಚರ್ ಆಡುವುದು ವೆಂಡಿಶ್ ಮಾತ್ರ. ಯೋಜನೆಯ ಹೆಸರು 'ವಿತಾಯ್', ಅಂದರೆ ಸ್ವಾಗತ. ಲ್ಯೂಬೆನಾವ್‌ನ ಬೀದಿ ಫಲಕಗಳಲ್ಲಿ ಈಗ ಎರಡೂ ನುಡಿಗಳಿವೆ.

ದೋಣಿಯಿಂದ ಇಳಿಯುವಾಗ ಆ ಹಿರಿಯರು ನೆನಪಿದ್ದ ಒಂದು ಪದ ಹೇಳಿಕೊಟ್ಟರು: 'ಮೆಯ್'. ನಮ್ಮಿಬ್ಬರನ್ನೂ ಬೆರಳಿಂದ ತೋರಿಸಿದರು. ನಾವು ಎನ್ನಲು ಒಂದು ಪದವಿದೆ, ನಾವು ಇಬ್ಬರೇ ಇದ್ದಾಗ ಎನ್ನಲು ಬೇರೆ ಪದ. ಸಂಸ್ಕೃತ ಓದಿದ ನನ್ನ ವಯಸ್ಸಿನವರಿಗೆ ಥಟ್ಟನೆ ಹೊಳೆಯಬೇಕು: ಅಹಂ, ಆವಾಂ, ವಯಂ! ಆ ದ್ವಿವಚನ ಯುರೋಪಿನ ಹೆಚ್ಚಿನ ನುಡಿಗಳಲ್ಲಿ ಮಾಯವಾಗಿದೆ, ಈ ಜೌಗಿನಲ್ಲಿ ಉಳಿದುಕೊಂಡಿದೆ.

"ಕನ್ನಡದಲ್ಲಿ?" ಎಂದ ಮೊಮ್ಮಗ ರೈಲಿನಲ್ಲಿ.

"ನಮಗೆ ಬೇರೆ ಪದವಿಲ್ಲ. ನಾವಿಬ್ಬರು ಅಂತೇವೆ."

ರಾತ್ರಿ ಊಟಕ್ಕೆ ಮುಂಚೆ ಮಗಳು ಇಬ್ಬರ ಕಾಲನ್ನೂ ದೀಪ ಹಿಡಿದು ಪರೀಕ್ಷಿಸಿದಳು. ಆ ಹುಲ್ಲಿನಲ್ಲಿ ಉಣುಗುಗಳಿರುತ್ತವೆ, ಕಚ್ಚಿದರೆ ಕಾಯಿಲೆ ಬರಬಹುದು. ಹೋಗುವವರು ಇದನ್ನು ಮರೆಯಬಾರದು. "ನಿನ್ನೆ ಹೇಗಿತ್ತು, ಹೇಳಲೇ ಇಲ್ಲವಲ್ಲ?" ಎಂದಳು.

ನಾನು ತಟ್ಟೆ ನೋಡಿದೆ. ಮೊಮ್ಮಗ ಒಮ್ಮೆ ನನ್ನ ಕಡೆ ನೋಡಿ, ತಾಯಿಗೆ ಹೇಳಿಯೇಬಿಟ್ಟ: "ಅಮ್ಮ, ನಾವಿಬ್ಬರು ದಾರಿ ತಪ್ಪಿದ್ವಿ."

ಮುಂದಿನ ಕತೆಯೆಲ್ಲ ಜರ್ಮನ್‌ನಲ್ಲಿ ಓಡಿತು, ಮಗಳ ಕಣ್ಣು ಅಗಲವಾಗುತ್ತ ಹೋಯಿತು. ಬೈಗುಳ ಬರುವುದು ಖಂಡಿತ ಎಂದು ಗೊತ್ತಿತ್ತು. ಆದರೂ ಆ ಮೂರು ಪದಗಳನ್ನು ನಾನು ಮನಸ್ಸಿನ ಪಾಸ್‌ಬುಕ್ಕಿನಲ್ಲಿ ಬರೆದುಕೊಂಡೆ. ಖಾತೆಯಿಂದ ಮೊದಲ ಸಲ ಯಾರೂ ಕೇಳದೆಯೇ ಡ್ರಾ ಆಗಿತ್ತು.