ಟಮಾಟೆ ಅಗ್ಗವಾದಾಗ ಪಿಜ್ಜಾ ಸಾಸು ಮನೆಯಲ್ಲೇ ಮಾಡಿರಿ

ಗೋವೆಯಲ್ಲಿ ನೆಲೆಸಿದ ನಮ್ಮ ಕನ್ನಡ ಬಾಂಧವರಿಗೆ ಮಾಪ್ಸಾದ ಶುಕ್ರವಾರದ ಸಂತೆಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಬೆಳಗಾವಿ ಸೀಮೆಯ ಕಾಯಿಪಲ್ಲೆ ಲಾರಿಗಳಲ್ಲಿ ಚೋರ್ಲಾ ಘಾಟ ಇಳಿದು ಗೋವೆಯ ಒಲೆಗಳಿಗೆ ಬರುತ್ತದೆ. ಗೋವಾ ರಾಜ್ಯ ತೋಟಗಾರಿಕೆ ನಿಗಮದ ಅಂಗಡಿಗಳಲ್ಲಿಯೂ ಬೆಳಗಾವಿಯ ಮಾಲು ಇರುತ್ತದೆ. ಹೀಗೆ ಬೆಳೆಯುವವರು ನಮ್ಮವರು, ಸಂತೆಯಲ್ಲಿ ಬುಟ್ಟಿ ಹಿಡಿದು ಕೂಡುವವರಲ್ಲಿಯೂ ನಮ್ಮವರು ಬಹಳ ಮಂದಿ. ಆದರೆ ಸಂಜೆ ಉಳಿದ ಹಣ್ಣಿನ ಗತಿಯೇನು?

ಹಿಂದೊಮ್ಮೆ ಬೇಸಿಗೆಯ ಹೊಸ್ತಿಲಲ್ಲಿ ನಾವು ಸಂತೆ ಮುಗಿಯುವ ಹೊತ್ತಿಗೆ ಅಲ್ಲಿದ್ದೆವು. ಬಾಗಲಕೋಟೆ ಕಡೆಯ ಒಬ್ಬ ತಾಯಿ ಒಂದು ಟ್ರೇ ತುಂಬ ಮಾಗಿದ ಟಮಾಟೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. "ಅಣ್ಣಾ, ಹ್ಯಾಂಗರ ಮಾಡಿ ಒಯ್ರಿ, ಇವು ನಾಳಿಗೆ ನಿಲ್ಲೂದಿಲ್ಲ" ಎಂದಳು. ನಾವು ಐದು ಕಿಲೋ ಒಯ್ದೆವು. ಮಿಕ್ಕದ್ದು ದನಕ್ಕೆ ಹೋಯಿತೋ ತಿಪ್ಪೆಗೆ ಹೋಯಿತೋ ತಿಳಿಯದು. ಅಲ್ಲಿಂದ ಸಮುದ್ರದ ದಂಡೆಗೆ ನಡೆದರೆ ಸಾಲು ಸಾಲಾಗಿ ಪಿಜ್ಜಾ ಮಾರುವ ಖಾನಾವಳಿಗಳು. ಆ ಪಿಜ್ಜಾದ ಜೀವವೆಲ್ಲ ಟಮಾಟೆಯ ಸಾಸಿನಲ್ಲಿದೆ. ಇತ್ತ ಹಣ್ಣು ಕೊಳೆಯುತ್ತದೆ, ಅತ್ತ ಅದೇ ಹಣ್ಣಿನ ಸಾಸು ಡಬ್ಬಿಯಲ್ಲಿ ಹತ್ತು ಪಟ್ಟು ಬೆಲೆ ಹೊತ್ತು ಕುಳಿತಿರುತ್ತದೆ. ಈ ನಡುವಿನ ಕೆಲಸ ನಮ್ಮ ಮನೆಗಳಲ್ಲಿ ಏಕೆ ಆಗಬಾರದು?

ಹಣ್ಣು ಬಂದ ದಾರಿ

ಟಮಾಟೆ ನಮ್ಮ ದೇಶದ್ದಲ್ಲ, ಇಟಲಿಯದೂ ಅಲ್ಲ. ಅದರ ತವರು ಅಮೇರಿಕ ಖಂಡ. ಇಟಲಿಯಲ್ಲಿ ಈ ಹಣ್ಣಿನ ಉಲ್ಲೇಖ ಮೊದಲು ದೊರೆಯುವುದು 1544ರಲ್ಲಿ. ನೇಪಲ್ಸ್ ನಗರದ ಲಾತೀನಿ ಎಂಬ ಅಡಿಗೆಯ ಮೇಲ್ವಿಚಾರಕನು 1690ರ ದಶಕದಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಟಮಾಟೆ ಸಾಸಿನ ವಿಧಾನವಿದೆ. ಅದನ್ನೂ ಆತ "ಸ್ಪೇನಿನ ರೀತಿಯದು" ಎಂದೇ ಕರೆದ. ಅಂದಮೇಲೆ ಪರರಿಂದ ಬಂದುದನ್ನು ಕಲಿತು ತಮ್ಮದಾಗಿಸಿಕೊಂಡವರೇ ಇಂದು ಅದರಲ್ಲಿ ಹೆಸರಾದವರು. ನಾವು ಕಲಿತರೆ ತಪ್ಪೇನೂ ಇಲ್ಲ.

ಎಂಥ ಹಣ್ಣು ಬೇಕು

ಸಾಸಿಗೆ ರಸಕ್ಕಿಂತ ತಿರುಳು ಮುಖ್ಯ. ಇಟಲಿಯವರು ಬೀಜ ಕಡಿಮೆ, ತಿರುಳು ಹೆಚ್ಚು ಇರುವ ಉದ್ದ ಜಾತಿಯ ಹಣ್ಣನ್ನು ಆರಿಸುವುದು ಈ ಕಾರಣಕ್ಕೇ. ನಮ್ಮ ಪೇಟೆಗೆ ಬರುವ ಮೊಟ್ಟೆಯಾಕಾರದ ಗಟ್ಟಿ ಹೈಬ್ರಿಡ್ ಹಣ್ಣು ತಿರುಳಿಗೆ ಒಳ್ಳೆಯದು, ರುಚಿಗೆ ಸಪ್ಪೆ. ಜವಾರಿ ಹಣ್ಣು ಹುಳಿ ಮತ್ತು ರುಚಿಗೆ ಒಳ್ಳೆಯದು, ಆದರೆ ನೀರು ಹೆಚ್ಚು. ಆದುದರಿಂದ ಎರಡು ಪಾಲು ಹೈಬ್ರಿಡ್, ಒಂದು ಪಾಲು ಜವಾರಿ ಬೆರೆಸುವುದು ಮೇಲು. ಹಣ್ಣು ಪೂರ್ತಿ ಕೆಂಪಾಗಿರಲಿ. ಮೆತ್ತಗಾಗಿದ್ದರೆ ಚಿಂತೆಯಿಲ್ಲ, ಆದರೆ ಬೂಸು ಹಿಡಿದದ್ದು, ಕೊಳೆತದ್ದು, ಒಡೆದು ನೀರು ಸೋರುವುದು ಬೇಡ. ಅಗ್ಗವೆಂದು ಕೆಟ್ಟ ಹಣ್ಣು ತಂದರೆ ಸಾಸೂ ಕೆಟ್ಟದ್ದೇ.

ಬೇಕಾಗುವ ಸಾಮಾನು

ಒಂದು ಕಿಲೋ ಹಣ್ಣಿಗೆ: ಬೆಳ್ಳುಳ್ಳಿ 4–5 ಎಸಳು, ಎಣ್ಣೆ 2 ದೊಡ್ಡ ಚಮಚ, ಉಪ್ಪು 1 ಸಣ್ಣ ಚಮಚ, ಹಣ್ಣು ಬಹಳ ಹುಳಿಯಾದರೆ ಚಿಟಿಕೆ ಸಕ್ಕರೆ. ಇಷ್ಟೇ. ಈರುಳ್ಳಿ, ಗರಂ ಮಸಾಲೆ, ಅರಿಸಿನ ಬೇಡ.

ವಾಸನೆಗೆ ಇಟಲಿಯವರು ಬಳಸುವ ಸೊಪ್ಪುಗಳ ಹೆಸರು ಕೇಳಿ ಹೆದರಬೇಕಾಗಿಲ್ಲ. ಅವರ ಬೇಸಿಲ್ ಎಂದರೆ ನಮ್ಮ ಕಾಮಕಸ್ತೂರಿಯೇ. ಇದರ ಬೀಜವನ್ನು ನೆನೆಹಾಕಿ ಬೇಸಿಗೆಯಲ್ಲಿ ಶರಬತ್ತಿಗೆ ಹಾಕುತ್ತೇವೆ. ಪೂಜೆಯ ತುಳಸಿ ಬೇರೆ, ಅದು ಬೇಡ. ಅವರ ಒರೆಗಾನೊ ಸೊಪ್ಪಿನಲ್ಲಿರುವ ಘಾಟು ನಮ್ಮ ದೊಡ್ಡಪತ್ರೆಯಲ್ಲಿಯೂ ಅಜವಾನದಲ್ಲಿಯೂ ಉಂಟು. ಒಂದು ಕಿಲೋ ಹಣ್ಣಿಗೆ ದೊಡ್ಡಪತ್ರೆಯ ಒಂದೇ ಎಲೆ, ಇಲ್ಲವೆ ಚಿಟಿಕೆ ಅಜವಾನ ಸಾಕು. ಹೆಚ್ಚಾದರೆ ಕಷಾಯದ ರುಚಿ ಬಂದೀತು.

ಮಾಡುವ ರೀತಿ

ಹಣ್ಣನ್ನು ತೊಳೆದು, ಬುಡದಲ್ಲಿ ಚಾಕುವಿನಿಂದ ಅಡ್ಡಡ್ಡ ಎರಡು ಗೀರು ಎಳೆದು, ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿರಿ. ತೆಗೆದು ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಹೋಳು ಮಾಡಿ ಬೀಜ ಮತ್ತು ನೀರನ್ನು ಬೇರೆ ಪಾತ್ರೆಗೆ ಹಿಂಡಿಕೊಳ್ಳಿರಿ. ಆ ನೀರನ್ನು ಚೆಲ್ಲಬಾರದು; ಮಧ್ಯಾಹ್ನದ ಸಾರಿಗೆ ಅದು ಸಾಕು.

ದಪ್ಪ ತಳದ ಸ್ಟೀಲಿನ ಪಾತ್ರೆಯಲ್ಲಿ ಎಣ್ಣೆ ಬೆಚ್ಚಗಾದ ಮೇಲೆ ಜಜ್ಜಿದ ಬೆಳ್ಳುಳ್ಳಿ ಹಾಕಿರಿ. ಅದು ಕೆಂಪಾಗಲು ಬಿಡಬೇಡಿರಿ, ಕಹಿಯಾಗುತ್ತದೆ. ವಾಸನೆ ಬಂದೊಡನೆ ಟಮಾಟೆ ಮತ್ತು ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಳವಿಲ್ಲದೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಕುದಿಸಿರಿ. ಆಗಾಗ ಸೌಟಿನಿಂದ ಮಗುಚುತ್ತ ಹಿಸುಕಿರಿ. ಸೊಪ್ಪನ್ನು ಕಡೆಯ ಐದು ನಿಮಿಷದಲ್ಲಿ ಹಾಕತಕ್ಕದ್ದು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆ ಈ ಕೆಲಸಕ್ಕೆ ಕೂಡದು. ಹುಳಿಯು ಲೋಹವನ್ನು ಕರಗಿಸುತ್ತದೆ. ಅಲ್ಯುಮಿನಿಯಮ್ಮೂ ಬೇಡ.

ಹದ ತಿಳಿಯುವ ಬಗೆ ಸುಲಭ. ಒಂದು ಚಮಚ ಸಾಸನ್ನು ತಟ್ಟೆಗೆ ಹಾಕಿರಿ. ಸುತ್ತ ನೀರು ಹರಿದರೆ ಇನ್ನೂ ಕುದಿಯಬೇಕು. ಗುಡ್ಡೆಯಾಗಿ ನಿಂತರೆ ಆಯಿತು. ನೀರಾದ ಸಾಸು ರೊಟ್ಟಿಯನ್ನು ನೆನೆಸಿ ಮುದ್ದೆ ಮಾಡುತ್ತದೆ. ನೇಪಲ್ಸಿನವರು ಹಣ್ಣನ್ನು ಬೇಯಿಸದೆ ಹಿಸುಕಿಯೇ ಹರಡುವುದುಂಟು. ಅವರ ಕಟ್ಟಿಗೆಯ ಭಟ್ಟಿ 400 ಡಿಗ್ರಿಗೂ ಮೀರಿ ಕಾಯ್ದಿರುವುದರಿಂದ ನೀರು ಕ್ಷಣದಲ್ಲಿ ಆರುತ್ತದೆ. ನಮ್ಮ ತವೆಗೆ ಆ ಕಾವಿಲ್ಲ, ಆದುದರಿಂದ ಮೊದಲೇ ಕುದಿಸಿ ಇಳಿಸಬೇಕು. ಐದು ಕಿಲೋ ಹಣ್ಣಿಗೆ ಒಂದೂವರೆ ಲೀಟರಿನಷ್ಟು ದಪ್ಪ ಸಾಸು ಸಿಕ್ಕೀತು.

ಕೂಡಿಡುವಾಗ ಎಚ್ಚರ

ಈ ಭಾಗವನ್ನು ಎರಡು ಸಲ ಓದಿರಿ. ನಾವು ಮೊದಲ ಸಲ ಮಾಡಿದಾಗ ಬೆಳ್ಳುಳ್ಳಿ, ಎಣ್ಣೆ ಸಹಿತ ಸಾಸನ್ನು ಬಾಟಲಿಗೆ ತುಂಬಿ, ಉಪ್ಪಿನಕಾಯಿಯಂತೆ ಬಾಳೀತೆಂದು ಮಾಡದಲ್ಲಿ ಇಟ್ಟೆವು. ಎಂಟನೆಯ ದಿನ ಮುಚ್ಚಳ ಉಬ್ಬಿತ್ತು, ಬಿಚ್ಚಿದರೆ ಬುಸ್ಸೆಂದಿತು. ರುಚಿ ನೋಡದೆ ಎಲ್ಲವನ್ನೂ ಹೂಳಿದೆವು. ಐದು ಕಿಲೋ ಹಣ್ಣು ಹೋಯಿತು, ಬುದ್ಧಿ ಬಂತು.

ಕಾರಣವೇನೆಂದರೆ, ಗಾಳಿಯಿಲ್ಲದ ಬಾಟಲಿಯಲ್ಲಿ ಹುಳಿ ಸಾಲದಿದ್ದರೆ ಬಾಟುಲಿನಮ್ ಎಂಬ ಸೂಕ್ಷ್ಮ ಜೀವಿ ಬೆಳೆದು ಪ್ರಾಣಕ್ಕೆ ಎರವಾಗುವ ವಿಷವನ್ನು ಉಂಟುಮಾಡಬಲ್ಲದು. ಆ ವಿಷಕ್ಕೆ ವಾಸನೆಯಾಗಲಿ ರುಚಿಯಾಗಲಿ ಇರಲೇಬೇಕೆಂದಿಲ್ಲ. ಪಿ.ಎಚ್. ಮಾನ 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯದು. ಟಮಾಟೆ ಸರಿಯಾಗಿ ಈ ಗಡಿಯ ಮೇಲೆಯೇ ಇರುವ ಹಣ್ಣು. ಕೆಲವು ಇತ್ತ, ಕೆಲವು ಅತ್ತ. ಬೆಳ್ಳುಳ್ಳಿ, ಸೊಪ್ಪು ಸೇರಿದರೆ ಹುಳಿ ಇನ್ನೂ ತಗ್ಗುತ್ತದೆ.

ಆದುದರಿಂದ ಬೆಳ್ಳುಳ್ಳಿ ಹಾಕಿದ ಸಾಸನ್ನು ಫ್ರಿಜ್ಜಿನಲ್ಲಿಟ್ಟು ಐದು ದಿನದೊಳಗೆ ಮುಗಿಸಿರಿ. ಹಿಮದ ಪೆಟ್ಟಿಗೆಯಲ್ಲಿ ಗಡ್ಡೆ ಕಟ್ಟಿಸಿದರೆ ಆರು ತಿಂಗಳು ಚೆನ್ನಾಗಿರುತ್ತದೆ. ಹೊರಗೆ ಇಡಬೇಕಾದರೆ ಬರಿಯ ಟಮಾಟೆಯನ್ನೇ ಕುದಿಸಿ ದಪ್ಪ ಮಾಡಿರಿ; ಎಣ್ಣೆ, ಬೆಳ್ಳುಳ್ಳಿಯನ್ನು ಬಳಸುವ ದಿನ ಒಗ್ಗರಣೆಯಂತೆ ಕೂಡಿಸಿರಿ. ಅರ್ಧ ಲೀಟರಿನ ಒಂದೊಂದು ಗಾಜಿನ ಜಾಡಿಗೆ ಕಾಲು ಸಣ್ಣ ಚಮಚ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯ ನಿಂಬೆ ಉಪ್ಪು, ಹಾಕಲೇಬೇಕು. ಗೋವೆಯ ಮನೆಗಳಲ್ಲಿ ಶೇಂದಿಯಿಂದ ಮಾಡುವ ವಿನೆಗರನ್ನು ಇದಕ್ಕೆ ನಂಬಬಾರದು. ಅದರ ಹುಳಿ ಒಂದೊಂದು ಸಲ ಒಂದೊಂದು ಬಗೆ.

ಬಿಸಿ ಸಾಸನ್ನು ಶಾಖ ತಡೆಯುವ ಜಾಡಿಗೆ ಅರ್ಧ ಅಂಗುಲ ಬಿಟ್ಟು ತುಂಬಿ, ಹೊಸ ಮುಚ್ಚಳ ಹಾಕಿರಿ. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ ಜಾಡಿಗಳನ್ನಿಟ್ಟು, ಮುಚ್ಚಳದ ಮೇಲೆ ಒಂದು ಅಂಗುಲ ನಿಲ್ಲುವಂತೆ ಬಿಸಿನೀರು ಹಾಕಿರಿ. ನೀರು ಕುದಿ ಹಿಡಿದ ಮೇಲೆ 35 ನಿಮಿಷ ಎಣಿಸಿರಿ. ಇದು ಗೋವೆಯ ಸಮುದ್ರದ ದಂಡೆಯ ಲೆಕ್ಕ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕಡಿಮೆ ಕಾವಿನಲ್ಲೇ ಕುದಿಯುತ್ತದೆ; ಅಲ್ಲಿಯ ಬೀಗರಿಗೆ ಹೇಳುವಾಗ 40 ನಿಮಿಷವೆಂದು ಹೇಳಿರಿ. ಮುಚ್ಚಳ ಉಬ್ಬಿದರೆ, ಸೋರಿದರೆ, ಬಿಚ್ಚಿದಾಗ ನೊರೆ ಬಂದರೆ ನಾಲಿಗೆಗೆ ಮುಟ್ಟಿಸದೆ ಹೂಳಿಬಿಡಿರಿ.

ಪೊಯ್ ಮೇಲಿನ ಪಿಜ್ಜಾ

ಪಿಜ್ಜಾಕ್ಕೆ ಭಟ್ಟಿ ಬೇಕೆಂದಿಲ್ಲ. ಊರಿನ ಪೊದೇರ ಬೆಳಿಗ್ಗೆ ಸೈಕಲ್ಲಿನ ಮೇಲೆ ತರುವ ಪೊಯ್ ರೊಟ್ಟಿಯನ್ನು ಎರಡಾಗಿ ಸೀಳಿ, ಒಳಮೈಗೆ ಎರಡು ಚಮಚ ಸಾಸು ಸವರಿ, ಈರುಳ್ಳಿ, ಡೊಣಮೆಣಸಿನಕಾಯಿ, ಸ್ವಲ್ಪ ಚೀಜ್ ಉದುರಿಸಿ, ತವೆಯ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಇಡಿರಿ. ಮಕ್ಕಳು ಪೇಟೆಯ ಪಿಜ್ಜಾ ಬೇಕೆಂದು ಹಟ ಹಿಡಿಯಲಾರರು. ಉಳಿದ ಸಾಸು ಜೋಳದ ರೊಟ್ಟಿಗೂ ಹೊಂದುತ್ತದೆ. ನಾವು ತಿಂದು ನೋಡಿಯೇ ಹೇಳುತ್ತಿದ್ದೇವೆ.

ಬೆಳೆಯುವವರಿಗೆ, ಮಾರುವವರಿಗೆ ಎರಡು ಮಾತು

ಗೋವೆಯಲ್ಲಿಯೇ ಹಿತ್ತಲಲ್ಲಿ ಬೆಳೆಯಬಯಸುವವರು ಮಳೆ ಕಳೆದ ಮೇಲೆ ಸಸಿ ಮಾಡಿರಿ. ಇಲ್ಲಿಯ ಹುಳಿ ಮಣ್ಣಿನಲ್ಲಿ ನಿಂತ ಗಿಡ ಹಸಿರಿರುವಾಗಲೇ ಬಾಡಿ ಸಾಯುವ ದುಂಡಾಣು ಸೊರಗು ರೋಗವೇ ದೊಡ್ಡ ಶತ್ರು. ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಆಭಾ ತಳಿಗಳು ಈ ರೋಗವನ್ನು ತಡೆಯಬಲ್ಲವು. ಹಳೆಯ ಗೋವೆಯ ಎಲಾದಲ್ಲಿರುವ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯಲ್ಲಿಯೂ ವಿಚಾರಿಸಬಹುದು.

ಸಾಸನ್ನು ಮಾರುವ ವಿಚಾರವಿದ್ದರೆ 2006ರ ಆಹಾರ ಸುರಕ್ಷತಾ ಕಾಯದೆಯಂತೆ ನೋಂದಣಿ ಮಾಡಿಸಿಕೊಳ್ಳಲೇಬೇಕು. ನಾಲ್ಕಾರು ಹೆಣ್ಣುಮಕ್ಕಳು ಕೂಡಿ ಸ್ವಸಹಾಯ ಸಂಘದ ಮೂಲಕ ಮಾಡಿದರೆ ಖರ್ಚೂ ಹಗುರ, ಧೈರ್ಯವೂ ಹೆಚ್ಚು.

2023ರ ಜುಲೈಯಲ್ಲಿ ಟಮಾಟೆ ಕಿಲೋಗೆ ನೂರು ರೂಪಾಯಿ ದಾಟಿದ್ದನ್ನು ಯಾರೂ ಮರೆತಿಲ್ಲ. ಅದೇ ಹಣ್ಣನ್ನು ಕೇಳುವವರಿಲ್ಲದೆ ರಸ್ತೆಗೆ ಸುರಿದ ವರ್ಷಗಳನ್ನೂ ಕಂಡಿದ್ದೇವೆ. ಬೆಲೆ ನಮ್ಮ ಕೈಯಲ್ಲಿಲ್ಲ; ಜಾಡಿ ನಮ್ಮ ಕೈಯಲ್ಲಿದೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಹಿರಿಯರು ಹೇಳಿದ್ದು ರಾಶಿಯ ಕಣಕ್ಕೆ ಮಾತ್ರವಲ್ಲ. ಬರುವ ಶುಕ್ರವಾರ ಸಂತೆ ಮುಗಿಯುವ ಹೊತ್ತಿಗೆ ಚೀಲ ಹಿಡಿದು ಹೋಗಿರಿ. ಆ ತಾಯಿಯ ಟ್ರೇ ಬರಿದಾಗಲಿ, ನಿಮ್ಮ ಮನೆಯ ಜಾಡಿ ತುಂಬಲಿ.