ಮನೆಯಿಂದ ಸೆಪ್ಟಿಕ್ ಟ್ಯಾಂಕ್‌ಗೆ ಒಳಚರಂಡಿ ಕೊಳವೆ ಅಳವಡಿಕೆ: ಕೆಂಗೇರಿ ಉಪನಗರದ ನಾಗರಿಕರಿಗೆ ಮಾಹಿತಿ

ಕೆಂಗೇರಿಯು ಹಿಂದೆ ಪ್ರತ್ಯೇಕ ಪುರಸಭೆಯಾಗಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನಗೊಂಡಿತು. 2025ರಲ್ಲಿ ಸದರಿ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಒಳಚರಂಡಿ ಸೇವೆಯನ್ನು ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಒದಗಿಸುತ್ತಿದೆ. ಈ ಭಾಗದ ಚರಂಡಿಗಳ ನೀರು ವೃಷಭಾವತಿ ಕಣಿವೆಗೆ ಹರಿಯುವುದರಿಂದ, ಒಂದು ಮನೆಯ ಮಲಿನ ನೀರನ್ನು ಮಳೆನೀರಿನ ಚರಂಡಿಗೆ ಬಿಟ್ಟಲ್ಲಿ ಅದು ವೃಷಭಾವತಿಯ ಮೂಲಕ ಬೈರಮಂಗಲ ಕೆರೆಯನ್ನೂ ಅರ್ಕಾವತಿ ನದಿಯನ್ನೂ ಸೇರುತ್ತದೆ.

ಸೆಪ್ಟಿಕ್ ಟ್ಯಾಂಕ್ ಯಾವಾಗ ಅಗತ್ಯ?

ಮನೆಯ ಮುಂದಿನ ರಸ್ತೆಯಲ್ಲಿ ಮಂಡಳಿಯ ಒಳಚರಂಡಿ ಮಾರ್ಗವಿದ್ದಲ್ಲಿ ಅದಕ್ಕೆ ಸಂಪರ್ಕ ಪಡೆಯುವುದೇ ಸೂಕ್ತ. ಮಾರ್ಗವಿಲ್ಲದ ಬಡಾವಣೆಗಳಲ್ಲಿ ಮಾತ್ರ ಸೆಪ್ಟಿಕ್ ಟ್ಯಾಂಕ್ ನಿರ್ಮಿಸತಕ್ಕದ್ದು. ಆದುದರಿಂದ ಕಾಮಗಾರಿ ಆರಂಭಿಸುವ ಮುನ್ನ ಮಂಡಳಿಯ ಸ್ಥಳೀಯ ಸೇವಾ ಠಾಣೆಯಲ್ಲಿ ಅಥವಾ 1916 ಸಹಾಯವಾಣಿಯಲ್ಲಿ ವಿಚಾರಿಸುವುದು. ರಸ್ತೆ ಅಗೆಯಬೇಕಾದಲ್ಲಿ ನಗರ ಪಾಲಿಕೆಯ ಪೂರ್ವಾನುಮತಿ ಪಡೆಯತಕ್ಕದ್ದು.

ಕೊಳವೆ ಅಳವಡಿಸುವ ಕ್ರಮ

1. ಶೌಚಾಲಯದ ಕೊಳವೆಯ ವ್ಯಾಸ ಕನಿಷ್ಠ 100 ಮಿ.ಮೀ. (4 ಇಂಚು) ಇರತಕ್ಕದ್ದು.

2. ರೂಢಿಯ ಅಳತೆಯಂತೆ 4 ಇಂಚಿನ ಕೊಳವೆಗೆ ಪ್ರತಿ 40 ಅಡಿಗೆ 1 ಅಡಿ ಇಳಿಜಾರು ಬೇಕು. ಮನೆಗೂ ಟ್ಯಾಂಕಿಗೂ 30 ಅಡಿ ಅಂತರವಿದ್ದಲ್ಲಿ ಕೊಳವೆಯು 9 ಇಂಚು ಇಳಿಯಬೇಕು. ಇಳಿಜಾರು ಕಡಿಮೆಯಾದರೆ ಮಲ ತಂಗುತ್ತದೆ. ಅತಿಯಾದರೆ ನೀರು ಮುಂದೆ ಹರಿದು ಘನವಸ್ತು ಹಿಂದುಳಿಯುತ್ತದೆ.

3. ಮಾರ್ಗ ನೇರವಾಗಿರಲಿ. ತಿರುವು ಅನಿವಾರ್ಯವಾದ ಕಡೆ ತಪಾಸಣಾ ಕೊಠಡಿ (ಚೇಂಬರ್) ಕಟ್ಟಬೇಕು.

4. ಕಂದಕದ ತಳವನ್ನು ಗಟ್ಟಿಗೊಳಿಸಿ, ಮರಳು ಹಾಸಿ ಕೊಳವೆ ಇಡಬೇಕು. ನೀರು ತುಂಬಿಸಿ ಸೋರಿಕೆ ಪರೀಕ್ಷಿಸಿದ ನಂತರವೇ ಮಣ್ಣು ಮುಚ್ಚಬೇಕು.

5. ಮಳೆನೀರಿನ ಕೊಳವೆಯನ್ನು ಈ ಮಾರ್ಗಕ್ಕೆ ಸೇರಿಸಬಾರದು.

ಟ್ಯಾಂಕ್ ಮತ್ತು ಇಂಗುಗುಂಡಿ

ಭಾರತೀಯ ಮಾನಕ 2470ರ ಪ್ರಕಾರ ಟ್ಯಾಂಕಿನ ಸಾಮರ್ಥ್ಯ ಕನಿಷ್ಠ 1,000 ಲೀಟರ್, ಅಗಲ ಕನಿಷ್ಠ 750 ಮಿ.ಮೀ., ನೀರಿನ ಆಳ ಕನಿಷ್ಠ 1 ಮೀಟರ್ ಹಾಗೂ ಉದ್ದವು ಅಗಲದ 2ರಿಂದ 4 ಪಟ್ಟು ಇರತಕ್ಕದ್ದು. ಒಳಬರುವ ಕೊಳವೆಯು ಹೊರಹೋಗುವ ಕೊಳವೆಗಿಂತ ಸ್ವಲ್ಪ ಎತ್ತರದಲ್ಲಿರಬೇಕು. ಅನಿಲ ಹೊರಹೋಗಲು ಸೊಳ್ಳೆ ಪರದೆಯುಳ್ಳ ಗಾಳಿ ಕೊಳವೆಯನ್ನು ಮನೆಯ ಮಾಳಿಗೆಗಿಂತ ಎತ್ತರಕ್ಕೆ ಒಯ್ಯಬೇಕು.

ಟ್ಯಾಂಕಿನಿಂದ ಹೊರಬರುವ ನೀರು ಶುದ್ಧವಲ್ಲ. ಅದನ್ನು ಇಂಗುಗುಂಡಿಗೆ ಮಾತ್ರ ಬಿಡಬೇಕು. ಇಂಗುಗುಂಡಿಯು ಕುಡಿಯುವ ನೀರಿನ ಬಾವಿ ಅಥವಾ ಕೊಳವೆಬಾವಿಯಿಂದ ಕನಿಷ್ಠ 18 ಮೀಟರ್ ಮತ್ತು ಮನೆಯಿಂದ ಕನಿಷ್ಠ 6 ಮೀಟರ್ ದೂರವಿರಬೇಕು. ನೆರೆಯವರ ಕೊಳವೆಬಾವಿಗೂ ಈ ಅಂತರ ಅನ್ವಯಿಸುತ್ತದೆ. ಚಿಕ್ಕ ನಿವೇಶನಗಳಲ್ಲಿ ಇಷ್ಟು ಸ್ಥಳ ದೊರೆಯುವುದು ಕಷ್ಟವಾದ್ದರಿಂದಲೇ ಸಾರ್ವಜನಿಕ ಒಳಚರಂಡಿಗೆ ಆದ್ಯತೆ ನೀಡಲು ಸೂಚಿಸಲಾಗಿದೆ.

ಟ್ಯಾಂಕಿನೊಳಗೆ ಯಾರನ್ನೂ ಇಳಿಸಬಾರದು

ಟ್ಯಾಂಕಿನಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ಸಂಗ್ರಹವಾಗುತ್ತವೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗು ವಾಸನೆಯನ್ನೇ ಗುರುತಿಸದಂತಾಗುತ್ತದೆ; ಆದ್ದರಿಂದ ವಾಸನೆಯಿಲ್ಲವೆಂದರೆ ಅಪಾಯವಿಲ್ಲವೆಂದು ಅರ್ಥವಲ್ಲ. ಒಳಗೆ ಕುಸಿದವರನ್ನು ರಕ್ಷಿಸಲು ಇಳಿದವರೂ ಪ್ರಾಣ ಕಳೆದುಕೊಂಡ ಪ್ರಕರಣಗಳು ಹಲವು.

2013ರ ಮಲ ಹೊರುವ ವೃತ್ತಿ ನಿಷೇಧ ಮತ್ತು ಪುನರ್ವಸತಿ ಅಧಿನಿಯಮದ ಪ್ರಕಾರ ಅಪಾಯಕಾರಿ ಶುಚಿಗೊಳಿಸುವಿಕೆಗೆ ಕಾರ್ಮಿಕರನ್ನು ನಿಯೋಜಿಸುವುದು ಅಪರಾಧ. ಮೊದಲ ಬಾರಿಗೆ 2 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಿಷೇಧವು ಮನೆಯ ಮಾಲೀಕರಿಗೂ ಅನ್ವಯಿಸುತ್ತದೆ; ಕಾರ್ಮಿಕನ ಒಪ್ಪಿಗೆಯಿಂದ ಹೊಣೆ ತಪ್ಪದು. ಇಂತಹ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಆದುದರಿಂದ ಹೀರುಯಂತ್ರದ ವಾಹನ ತಲುಪುವ ಸ್ಥಳದಲ್ಲಿಯೇ ಟ್ಯಾಂಕ್ ಕಟ್ಟಬೇಕು ಮತ್ತು ಮುಚ್ಚಳದ ಮೇಲೆ ಕಟ್ಟಡ ಕಟ್ಟಬಾರದು. ಎರಡು ಮೂರು ವರ್ಷಗಳಿಗೊಮ್ಮೆ ಯಂತ್ರದಿಂದಲೇ ಹೂಳು ತೆಗೆಸಬೇಕು.

ಮುಂದೆ ಸಾರ್ವಜನಿಕ ಸಂಪರ್ಕ ದೊರೆತಾಗ

ಮನೆಯ ಕೊಳವೆಯನ್ನು ಟ್ಯಾಂಕಿನ ಮೂಲಕ ಹಾಯಿಸದೆ ನೇರವಾಗಿ ಸಂಪರ್ಕಿಸಬೇಕು. ಹಳೆಯ ಟ್ಯಾಂಕನ್ನು ಯಂತ್ರದಿಂದ ಖಾಲಿ ಮಾಡಿಸಿ, ಮರಳು ಅಥವಾ ಮಣ್ಣಿನಿಂದ ಪೂರ್ಣವಾಗಿ ತುಂಬಿಸತಕ್ಕದ್ದು. ಬಳಕೆಯಲ್ಲಿಲ್ಲದ ಟ್ಯಾಂಕ್‌ನಲ್ಲಿಯೂ ವಿಷಾನಿಲವಿರುತ್ತದೆ ಎಂಬುದನ್ನು ಸಾರ್ವಜನಿಕರು ಗಮನಿಸಲು ಕೋರಲಾಗಿದೆ.